ಗೆದ್ದವರ ಹೆಸರಿನ ಕೆಳಗಿನ ಎರಡು ಸಾಲುಗಳು

ಪ್ರಶ್ನೆ: 2018ರಲ್ಲಿ ನಮ್ಮ ಬಾದಾಮಿ ಕ್ಷೇತ್ರದಲ್ಲಿ ಸಿದ್ದರಾಮಯ್ಯನವರು 1,696 ಮತಗಳಿಂದ ಗೆದ್ದರು. ಜೆಡಿಎಸ್ ಅಭ್ಯರ್ಥಿ ಇರದಿದ್ದರೆ ಶ್ರೀರಾಮುಲು ಗೆಲ್ಲುತ್ತಿದ್ದರು ಎಂದು ನನ್ನ ಗೆಳೆಯರು ಇಂದಿಗೂ ವಾದಿಸುತ್ತಾರೆ. ಇದು ನಿಜವೇ? 2023ರಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಮೊದಲಿನಷ್ಟೇ ಶೇಕಡಾವಾರು ಮತ ಬಂದರೂ ಸ್ಥಾನಗಳು 104ರಿಂದ 66ಕ್ಕೆ ಇಳಿದದ್ದು ಹೇಗೆ? ಠೇವಣಿ ಹೋಗುವುದು ಖಚಿತವೆಂದು ಗೊತ್ತಿದ್ದರೂ ಅಷ್ಟೊಂದು ಪಕ್ಷೇತರರು ಏಕೆ ನಿಲ್ಲುತ್ತಾರೆ?
– ಓದುಗರೊಬ್ಬರು, ಗುಳೇದಗುಡ್ಡ

ಉತ್ತರ: ನಿಮ್ಮ ಗೆಳೆಯರ ವಾದದಿಂದಲೇ ಶುರು ಮಾಡೋಣ. ಅದನ್ನು ಪೂರ್ತಿ ಒಪ್ಪಬೇಕಾಗಿಲ್ಲ, ಆದರೆ ಅವರು ನೋಡುತ್ತಿರುವ ದಿಕ್ಕು ಸರಿಯಾಗಿದೆ.

2018ರ ಮೇ 15ರಂದು ಬಾದಾಮಿಯ ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಸಿದ್ದರಾಮಯ್ಯನವರಿಗೆ 67,599, ಬಿಜೆಪಿಯ ಬಿ. ಶ್ರೀರಾಮುಲು ಅವರಿಗೆ 65,903 ಮತಗಳು ಬಂದಿದ್ದವು. ಮೂರನೆಯ ಸಾಲಿನಲ್ಲಿ ಜೆಡಿಎಸ್‌ನ ಹನಮಂತ ಮಾವಿನಮರದ ಇದ್ದರು, ಅವರ ಮತ ಸುಮಾರು 24,500. ಈಗ ಲೆಕ್ಕ ಹಾಕಿ. ಜೆಡಿಎಸ್ ಅಭ್ಯರ್ಥಿಯೇ ಇರಲಿಲ್ಲ, ಅವರಿಗೆ ಮತ ಹಾಕಿದವರೆಲ್ಲ ಮತಗಟ್ಟೆಗೆ ಬಂದೇ ಬಂದರು, ಬಂದು ಉಳಿದ ಇಬ್ಬರಲ್ಲಿ ಒಬ್ಬರನ್ನು ಆರಿಸಿದರು ಎಂದಿಟ್ಟುಕೊಳ್ಳೋಣ. ಶ್ರೀರಾಮುಲು ಗೆಲ್ಲಬೇಕಾದರೆ ಆ 24,500ರಲ್ಲಿ 13,100ರಷ್ಟು ಮತ ಅವರಿಗೆ ಸಿಗಬೇಕಿತ್ತು. ಅಂದರೆ ನೂರರಲ್ಲಿ 54. ಅದೇನು ಅಸಾಧ್ಯದ ಮಾತಲ್ಲ. ಆದರೆ ನೂರಕ್ಕೆ ನೂರು ಅವರಿಗೇ ಹೋಗುತ್ತಿತ್ತು ಎಂಬಂತೆ ಮಾತನಾಡುವವರು, ಆ ಮತದಾರರಲ್ಲಿ ಹತ್ತು ಮಂದಿಯನ್ನಾದರೂ ಕೇಳಿ ನೋಡಿರುತ್ತಾರೆಯೇ? ಜೆಡಿಎಸ್‌ಗೆ ಮತ ಹಾಕಿದವರಲ್ಲಿ ಅಭ್ಯರ್ಥಿಯ ಬಂಧುಬಳಗ, ದೊಡ್ಡ ಪಕ್ಷಗಳೆರಡರ ಮೇಲೂ ಸಿಟ್ಟಾದವರು, ತೆನೆ ಹೊತ್ತ ಮಹಿಳೆಯ ಗುರುತಿಗೆ ಮೊದಲಿನಿಂದ ನಿಷ್ಠರಾದವರು ಎಲ್ಲರೂ ಇರುತ್ತಾರೆ. ಅವರಲ್ಲಿ ಕೆಲವರು ಮನೆಯಲ್ಲೇ ಉಳಿಯುತ್ತಿದ್ದರು, ಕೆಲವರು ನೋಟಾ ಒತ್ತುತ್ತಿದ್ದರು.

ನೋಟಾ ವಿಷಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಆ ಸಲ ಬಾದಾಮಿಯಲ್ಲಿ ಬಿದ್ದ ನೋಟಾ ಎರಡು ಸಾವಿರದ ಆಸುಪಾಸು, ಗೆಲುವಿನ ಅಂತರಕ್ಕಿಂತ ಹೆಚ್ಚು. ಪತ್ರಿಕೆಗಳು ಇದನ್ನು ಸಂಭ್ರಮದಿಂದ ಬರೆದವು. ನನಗೆ ಅದರಲ್ಲಿ ಹೆಚ್ಚಿನ ಅರ್ಥ ಕಾಣುವುದಿಲ್ಲ. ಯಾರೂ ಬೇಡವೆಂದು ಒತ್ತಿದವನ ಮತವನ್ನು ಸೋತವನ ಖಾತೆಗೆ ಜಮಾ ಮಾಡಿ ಲೆಕ್ಕ ಹಾಕುವುದು ಆ ಮತದಾರನಿಗೇ ಮಾಡುವ ಅನ್ಯಾಯ. ನೋಟಾಗೆ ಎಷ್ಟೇ ಮತ ಬಂದರೂ ಫಲಿತಾಂಶ ಬದಲಾಗುವುದಿಲ್ಲ, ಠೇವಣಿಯ ಲೆಕ್ಕದಲ್ಲಿಯೂ ಅದು ಸೇರುವುದಿಲ್ಲ.

ಬಾದಾಮಿಯಲ್ಲಿ ನನಗೆ ನಿಜವಾಗಿ ಕುತೂಹಲ ಹುಟ್ಟಿಸುವುದು ಬೇರೆಯೇ ಒಂದು ಸಂಗತಿ. ಕ್ರಮಬದ್ಧ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯದ ಅಭ್ಯರ್ಥಿ ಠೇವಣಿ ಕಳೆದುಕೊಳ್ಳುತ್ತಾನೆ. ಮಾವಿನಮರದ ಅವರ 24,500 ಮತ ಆ ಗೆರೆಯನ್ನು ಮುಟ್ಟಲಿಲ್ಲ. ಆಗಿನ ಮುಖ್ಯಮಂತ್ರಿಯ ಸೋಲು ಗೆಲುವನ್ನೇ ತಿರುಗಿಸಬಲ್ಲಷ್ಟು ಮತ ಕಟ್ಟಿಕೊಂಡಿದ್ದ ಅಭ್ಯರ್ಥಿಯನ್ನು ನಮ್ಮ ಕಾನೂನು 'ಲೆಕ್ಕಕ್ಕಿಲ್ಲದವರ' ಸಾಲಿಗೆ ಸೇರಿಸಿತು. ಫಲಿತಾಂಶವನ್ನು ಓದುವಾಗ ಗೆದ್ದವರ ಹೆಸರಿನಲ್ಲೇ ನಿಂತುಬಿಡಬೇಡಿ, ಅದರ ಕೆಳಗಿನ ಎರಡು ಸಾಲು ಓದಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳ 33 ಕ್ಷೇತ್ರಗಳಲ್ಲಿ ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ.

ಖಾನಾಪುರವನ್ನು ನೋಡಿ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ 36,649 ಮತ ಪಡೆದು ಶಾಸಕಿಯಾದರು. ಎರಡನೆಯ ಸ್ಥಾನದ ಬಿಜೆಪಿಯ ವಿಠ್ಠಲ ಹಲಗೇಕರ ಅವರಿಗೆ 31,516. ಅವರ ಹಿಂದೆಯೇ ಜೆಡಿಎಸ್, ಅದರ ಹಿಂದೆ ಬೆಳಗಾವಿ ಭಾಗವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಇಬ್ಬರು, ಏಕೆಂದರೆ ಸಮಿತಿಯಲ್ಲೇ ಆಗ ಎರಡು ಬಣ. ಬಿದ್ದ ಮತಗಳಲ್ಲಿ ಕಾಲುಭಾಗದ ಆಸುಪಾಸು ಪಡೆದವರು ವಿಧಾನಸಭೆಗೆ ಹೋದರು. ಐದು ವರ್ಷ ಕಳೆಯಿತು. 2023ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ಸಿನ ಗಾಳಿ ಜೋರಾಗಿಯೇ ಇತ್ತು. ಅಂಜಲಿಯವರಿಗೆ ಆ ಸಲ ಬಂದ ಮತ 37,205. ಗೆದ್ದ ವರ್ಷಕ್ಕಿಂತ ಐನೂರು ಚಿಲ್ಲರೆ ಹೆಚ್ಚು! ಆದರೂ ಅವರು 54,629 ಮತಗಳಿಂದ ಸೋತರು, ಹಲಗೇಕರ 91 ಸಾವಿರ ದಾಟಿದ್ದರು. ಶಾಸಕಿಯನ್ನು ಜನ ಕೈಬಿಟ್ಟರು ಎಂದು ಆಗ ಬರೆದವರಿದ್ದಾರೆ. ಅಂಕಿಗಳು ಹೇಳುವುದು ಹಾಗಲ್ಲ. ಅವರ ಮತದ ಮೊತ್ತ ಇದ್ದಲ್ಲೇ ಇತ್ತು, ಬದಲಾದದ್ದು ಎದುರಿನ ಪಾಳಯ. 2018ರಲ್ಲಿ ನಾಲ್ಕು ಕಡೆ ಹಂಚಿಹೋಗಿದ್ದ ವಿರೋಧಿ ಮತಗಳ ದೊಡ್ಡ ಪಾಲು 2023ರಲ್ಲಿ ಒಬ್ಬರ ಹಿಂದೆ ನಿಂತಿತು. ನನ್ನನ್ನು ಕೇಳಿದರೆ ರಾಜ್ಯದ ಚುನಾವಣೆಗಳನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಬಂಡಾಯದ ಪಾಠಕ್ಕೆ ಬೈಲಹೊಂಗಲ ಮತ್ತು ಸವದತ್ತಿ ಸಾಕು. ಅಕ್ಕಪಕ್ಕದ ತಾಲ್ಲೂಕುಗಳು. 2018ರಲ್ಲಿ ಬೈಲಹೊಂಗಲದಲ್ಲಿ ಬಿಜೆಪಿ ಬಿ ಫಾರಂ (ಪಕ್ಷದ ಅಧಿಕೃತ ಅಭ್ಯರ್ಥಿ ಎಂಬ ಪತ್ರ) ಕೊಟ್ಟದ್ದು ಡಾ. ವಿಶ್ವನಾಥ ಪಾಟೀಲರಿಗೆ. ಟಿಕೆಟ್ ತಪ್ಪಿದ ಜಗದೀಶ ಮೆಟಗುಡ್ಡ ಪಕ್ಷೇತರರಾಗಿ ನಿಂತರು. ಕಾಂಗ್ರೆಸ್ಸಿನ ಮಹಾಂತೇಶ ಕೌಜಲಗಿ 47 ಸಾವಿರ ಮತಗಳಲ್ಲಿ ಗೆದ್ದರು. ಬಂಡಾಯ ಅಭ್ಯರ್ಥಿ ಸುಮಾರು 42 ಸಾವಿರ, ಪಕ್ಷದ ಅಧಿಕೃತ ಅಭ್ಯರ್ಥಿ ಸುಮಾರು 31 ಸಾವಿರ. ಒಂದೇ ಮನೆಯ ಇಬ್ಬರ ಮತ ಸೇರಿದರೆ 73 ಸಾವಿರ! ಅದೇ ದಿನ, ಅದೇ ಬಿಸಿಲಿನಲ್ಲಿ, ಪಕ್ಕದ ಸವದತ್ತಿಯಲ್ಲಿ ಇದರ ತದ್ವಿರುದ್ಧ ನಡೆಯಿತು. ಅಲ್ಲಿ ಒಡೆದದ್ದು ಕಾಂಗ್ರೆಸ್. ಟಿಕೆಟ್ ಸಿಗದ ಆನಂದ ಚೋಪ್ರಾ ಪಕ್ಷೇತರರಾಗಿ 56 ಸಾವಿರ ಮತ ಪಡೆದು ಎರಡನೆಯವರಾದರು, ಕಾಂಗ್ರೆಸ್ಸಿನ ವಿಶ್ವಾಸ ವೈದ್ಯ 30 ಸಾವಿರದ ಆಸುಪಾಸಿನಲ್ಲಿ ಮೂರನೆಯವರಾದರು, ಬಿಜೆಪಿಯ ಆನಂದ ಮಾಮನಿ 62 ಸಾವಿರದಲ್ಲಿ ಗೆದ್ದರು. ಮಲಪ್ರಭೆಯ ಆಚೀಚಿನ ಜನ ಒಂದು ಕಡೆ ಕಾಂಗ್ರೆಸ್ಸನ್ನು, ಇನ್ನೊಂದು ಕಡೆ ಬಿಜೆಪಿಯನ್ನು ಗೆಲ್ಲಿಸಿದರು ಎಂದು ನಕ್ಷೆಯಲ್ಲಿ ಎರಡು ಬಣ್ಣ ಬಳಿದರೆ ನಡೆದದ್ದರ ಒಂದಂಶವೂ ತಿಳಿಯುವುದಿಲ್ಲ.

ಬೈಲಹೊಂಗಲದ ಕಥೆ ಇನ್ನೂ ಹಿಂದಿನದು. 2012ರ ಕೊನೆಯಲ್ಲಿ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿದ ಮೇಲೆ, 2013ರಲ್ಲಿ ಅಲ್ಲಿ ಗೆದ್ದವರು ಇದೇ ವಿಶ್ವನಾಥ ಪಾಟೀಲರು, ಕೆಜೆಪಿಯಿಂದ. ಸೋತವರು ಇದೇ ಮೆಟಗುಡ್ಡ, ಬಿಜೆಪಿಯಿಂದ. ಆ ವರ್ಷ ರಾಜ್ಯದಲ್ಲಿ ಕೆಜೆಪಿ ಗೆದ್ದದ್ದು ಆರೇ ಸ್ಥಾನ, ಪಡೆದದ್ದು ನೂರಕ್ಕೆ ಹತ್ತರ ಸಮೀಪ ಮತ. ಆ ಮತಗಳು ಬಿಜೆಪಿಯನ್ನು 40 ಸ್ಥಾನಗಳಿಗೆ ಇಳಿಸಿದವು, 122 ಸ್ಥಾನಗಳೊಂದಿಗೆ ಕಾಂಗ್ರೆಸ್ ಸರ್ಕಾರ ಬಂತು. 2018ರ ಹೊತ್ತಿಗೆ ಪಕ್ಷಗಳು ಒಂದಾದವು, ಆದರೆ ಬೈಲಹೊಂಗಲದಲ್ಲಿ ಮನಸ್ಸುಗಳು ಒಂದಾಗಲಿಲ್ಲ. 2023ರಲ್ಲಿ ಟಿಕೆಟ್ ಮೆಟಗುಡ್ಡರ ಕೈಗೆ ಬಂತು. ಕೌಜಲಗಿ ಮತ್ತೆ ಗೆದ್ದರು, ಈ ಸಲ ಮೂರು ಸಾವಿರಕ್ಕೂ ಕಡಿಮೆ ಅಂತರದಲ್ಲಿ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಬಿಜೆಪಿಯ ಮತಪ್ರಮಾಣ 2018ರಲ್ಲಿಯೂ 2023ರಲ್ಲಿಯೂ ಶೇ 36ರ ಆಚೀಚೆ ಇತ್ತು ಎಂಬುದು ನಿಜ. ಆದರೆ ಕಾಂಗ್ರೆಸ್ ಶೇ 38ರಿಂದ 43ರ ಹತ್ತಿರಕ್ಕೆ ಏರಿತು, ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿಯಿತು. ನಮ್ಮ ಪದ್ಧತಿಯಲ್ಲಿ ನಿಮಗೆ ಎಷ್ಟು ಮತ ಬಂತೆನ್ನುವುದು ಅರ್ಧ ವಿಷಯ, ನಿಮ್ಮ ಎದುರಾಳಿಗಿಂತ ಒಂದು ಹೆಚ್ಚು ಬಂತೇ ಎನ್ನುವುದು ಪೂರ್ತಿ ವಿಷಯ. ಶೇ 36 ಎನ್ನುವುದು ಎದುರಿನವರು 38 ಇದ್ದಾಗ 104 ಸ್ಥಾನಗಳಾಗುತ್ತದೆ, 43 ಇದ್ದಾಗ 66 ಆಗುತ್ತದೆ. ಇನ್ನೂ ವಿಚಿತ್ರವೆಂದರೆ 2008ರಲ್ಲಿಯೂ 2018ರಲ್ಲಿಯೂ ರಾಜ್ಯದಲ್ಲಿ ಅತಿ ಹೆಚ್ಚು ಮತ ಪಡೆದದ್ದು ಕಾಂಗ್ರೆಸ್, ಅತಿ ಹೆಚ್ಚು ಸ್ಥಾನ ಪಡೆದದ್ದು ಬಿಜೆಪಿ. ಕಾಂಗ್ರೆಸ್ಸಿನ ಮತ ರಾಜ್ಯದ ಎಲ್ಲ ಕಡೆ ಹರಡಿರುತ್ತಿತ್ತು, ಹಳೆ ಮೈಸೂರಿನಲ್ಲಿ ಜೆಡಿಎಸ್ ಎದುರು ಎರಡನೆಯ ಸ್ಥಾನಕ್ಕೆ ಬಿದ್ದ ಅದರ ಲಕ್ಷಾಂತರ ಮತಗಳು ಸ್ಥಾನವಾಗಿ ಬದಲಾಗುತ್ತಿರಲಿಲ್ಲ. ಬಿಜೆಪಿಯ ಮತ ಕರಾವಳಿಯಲ್ಲಿ, ಮಧ್ಯ ಕರ್ನಾಟಕದಲ್ಲಿ, ನಮ್ಮ ಭಾಗದಲ್ಲಿ ಗಟ್ಟಿಯಾಗಿತ್ತು.

2023ರಲ್ಲಿ ಈ ಅನುಕೂಲ ಬಿಜೆಪಿಯ ಕೈ ತಪ್ಪಿತು. ಶೇ 36 ಎನ್ನುವ ಅಂಕಿ ಅದೇ ಆದರೂ ಆ ಮತಗಳಿದ್ದ ಜಾಗ ಅದೇ ಅಲ್ಲ. ಬೆಂಗಳೂರಿನಲ್ಲಿ ಮತ್ತು ಹಳೆ ಮೈಸೂರಿನಲ್ಲಿ ಅದಕ್ಕೆ ಮತ ಕೂಡಿತು, ಕಿತ್ತೂರು ಕರ್ನಾಟಕದಲ್ಲಿಯೂ ಕಲ್ಯಾಣ ಕರ್ನಾಟಕದಲ್ಲಿಯೂ ಕಳೆಯಿತು. ಮಂಡ್ಯ ಹಾಸನಗಳ ಕಡೆ ಕೂಡಿದ ಮತ ಹೆಚ್ಚಾಗಿ ಮೂರನೆಯ ಸ್ಥಾನವನ್ನು ಸ್ವಲ್ಪ ಗೌರವದ ಮೂರನೆಯ ಸ್ಥಾನವನ್ನಾಗಿ ಮಾಡಿತು, ಅಷ್ಟೇ. ಇಲ್ಲಿ ಕಳೆದ ಮತ ಶಾಸಕರನ್ನೇ ಕಳೆಯಿತು. ನಮ್ಮ ಮೂರು ಜಿಲ್ಲೆಗಳ 33ರಲ್ಲಿ 2018ರಲ್ಲಿ ಬಿಜೆಪಿ 18, ಕಾಂಗ್ರೆಸ್ 13, ಜೆಡಿಎಸ್ 2 ಗೆದ್ದಿದ್ದವು. 2023ರಲ್ಲಿ ಕಾಂಗ್ರೆಸ್ 22, ಬಿಜೆಪಿ 10, ಜೆಡಿಎಸ್ 1. ಬೆಳಗಾವಿಯಲ್ಲಿ ಕಾಂಗ್ರೆಸ್ 11, ಬಿಜೆಪಿ 7, ಬಾಗಲಕೋಟೆಯಲ್ಲಿ 5 ಮತ್ತು 2, ವಿಜಯಪುರದಲ್ಲಿ ಕಾಂಗ್ರೆಸ್ಸಿಗೆ 6, ಬಿಜೆಪಿಗೆ ನಗರದ ಒಂದೇ ಒಂದು, ಜೆಡಿಎಸ್‌ಗೆ ದೇವರಹಿಪ್ಪರಗಿ. (ಈ 33 ಮಂದಿಯಲ್ಲಿ ಪಾಟೀಲರು ಎಂಟು, ಮಹಿಳೆಯರು ಇಬ್ಬರು. ಒಬ್ಬರು ನಿಪ್ಪಾಣಿಯ ಶಶಿಕಲಾ ಜೊಲ್ಲೆ, ಇನ್ನೊಬ್ಬರು ಬೆಳಗಾವಿ ಗ್ರಾಮೀಣದ ಲಕ್ಷ್ಮೀ ಹೆಬ್ಬಾಳಕರ. ಜಾತಿ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಳ್ಳುವ ನಮ್ಮ ವಿಶ್ಲೇಷಕರು ಈ ಎರಡನೆಯ ಲೆಕ್ಕವನ್ನು ಹಾಕಿದ್ದನ್ನು ನಾನು ಹೆಚ್ಚು ಕಂಡಿಲ್ಲ.)

ಹಾಗೆಂದು ಎಲ್ಲವನ್ನೂ ಗಾಳಿಯ ಲೆಕ್ಕಕ್ಕೆ ಬರೆದುಬಿಟ್ಟರೆ ಅಥಣಿಯನ್ನು ಏನು ಮಾಡುವುದು? 2018ರಲ್ಲಿ ಬಿಜೆಪಿಯ ಲಕ್ಷ್ಮಣ ಸವದಿ ಅಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿ ಎದುರು 2,331 ಮತಗಳಿಂದ ಸೋತರು. 2019ರಲ್ಲಿ ಕುಮಠಳ್ಳಿ ಮೈತ್ರಿ ಸರ್ಕಾರ ಬೀಳಿಸಿದ ಗುಂಪಿನೊಂದಿಗೆ ಬಿಜೆಪಿಗೆ ಬಂದರು, ಸೋತಿದ್ದ ಸವದಿ ಉಪಮುಖ್ಯಮಂತ್ರಿಯಾದರು. 2023ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ಕುಮಠಳ್ಳಿಯವರಿಗೇ ಹೋಯಿತು, ಸವದಿ ಕಾಂಗ್ರೆಸ್ಸಿಗೆ ಹೋದರು. ಇಬ್ಬರು ಹಳೆಯ ಎದುರಾಳಿಗಳು ಪಕ್ಷ ಅದಲು ಬದಲು ಮಾಡಿಕೊಂಡು ಮತ್ತೆ ಎದುರಾದರು. ಸವದಿ 76,122 ಮತಗಳಿಂದ ಗೆದ್ದರು. ಬರೀ ಗಾಳಿಗೆ ಇಷ್ಟು ಬಲವಿದ್ದಿದ್ದರೆ ಪಕ್ಕದ ಕಾಗವಾಡದಲ್ಲಿಯೂ ಅಷ್ಟೇ ಅಂತರ ಬರಬೇಕಿತ್ತು. ಅಲ್ಲಿ ಕಾಂಗ್ರೆಸ್ ಗೆದ್ದದ್ದು ಒಂಬತ್ತು ಸಾವಿರದೊಳಗಿನ ಅಂತರದಲ್ಲಿ. ಅಥಣಿಯಲ್ಲಿ ಮತದಾರರಲ್ಲಿ ಒಂದು ದೊಡ್ಡ ಭಾಗ ಪಕ್ಷದ ಗುರುತನ್ನು ಬಿಟ್ಟು ಮನುಷ್ಯನ ಹಿಂದೆ ನಡೆಯಿತು. ಸಹಕಾರಿ ಸಂಘ, ಸಕ್ಕರೆ ಕಾರ್ಖಾನೆ, ಡಿಸಿಸಿ ಬ್ಯಾಂಕು, ಪಿಕೆಪಿಎಸ್‌ಗಳ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳ) ಸಾಲ ಇವುಗಳ ಸುತ್ತ ಕಟ್ಟಿದ ಸಂಬಂಧಗಳು ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಬಾವುಟಕ್ಕಿಂತ ಹಳೆಯವು. ಜಾರಕಿಹೊಳಿ ಸೋದರರಲ್ಲಿ ಸತೀಶ ಕಾಂಗ್ರೆಸ್ಸಿನಿಂದ, ರಮೇಶ ಮತ್ತು ಬಾಲಚಂದ್ರ ಬಿಜೆಪಿಯಿಂದ, ಒಂದೇ ವರ್ಷ ಒಂದೇ ವಿಧಾನಸಭೆಗೆ ಗೆದ್ದು ಬಂದದ್ದು ಅದಕ್ಕೇ ಇಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ.

ನಿಪ್ಪಾಣಿಯಲ್ಲಿ ಪರಿಸ್ಥಿತಿ ಇನ್ನೊಂದು ಬಗೆಯದು. 2023ರಲ್ಲಿ ಬಿಜೆಪಿಗೆ 73 ಸಾವಿರ, ಎರಡನೆಯ ಸ್ಥಾನದಲ್ಲಿ ಶರದ್ ಪವಾರರ ಎನ್‌ಸಿಪಿಯ ಉತ್ತಮ ಪಾಟೀಲರಿಗೆ 66 ಸಾವಿರ, ಮೂರನೆಯ ಸ್ಥಾನದ ಕಾಂಗ್ರೆಸ್ಸಿನ ಕಾಕಾಸಾಹೇಬ ಪಾಟೀಲರಿಗೆ 44 ಸಾವಿರ. ಮಹಾರಾಷ್ಟ್ರದಲ್ಲಿ ಆಗ ಎನ್‌ಸಿಪಿ ಮತ್ತು ಕಾಂಗ್ರೆಸ್ ಮಿತ್ರಪಕ್ಷಗಳು. ನದಿ ದಾಟಿದರೆ ಕೊಲ್ಹಾಪುರದಲ್ಲಿ ಒಂದೇ ವೇದಿಕೆ ಹಂಚಿಕೊಳ್ಳುವವರು ಇಲ್ಲಿ ಪರಸ್ಪರರ ಮತ ತಿಂದರು.

ಇಲ್ಲಿ ನೀವು ಕೇಳದ ಒಂದು ಮಾತನ್ನು ಸೇರಿಸುತ್ತೇನೆ, ಏಕೆಂದರೆ ಅಂಕಿಗಳನ್ನು ತಪ್ಪಾಗಿ ಓದುವವರು ಹೆಚ್ಚು ಎಡವುವುದು ಅಲ್ಲಿಯೇ. 2018 ಮತ್ತು 2023ರ ನಡುವೆ ನಮ್ಮ ಮೂರು ಜಿಲ್ಲೆಗಳಲ್ಲಿ ವಿಧಾನಸಭೆಯ ಐದು ಉಪಚುನಾವಣೆಗಳಾದವು. ಜಮಖಂಡಿಯಲ್ಲಿ ಸಿದ್ದು ನ್ಯಾಮಗೌಡರು, ರೈತರನ್ನು ಕಟ್ಟಿಕೊಂಡು ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿಸಿ 'ಬ್ಯಾರೇಜ್ ಸಿದ್ದು' ಎನಿಸಿಕೊಂಡವರು, 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದವರು, 2018ರ ಮೇ ತಿಂಗಳಲ್ಲಿ ಗೆದ್ದ ಕೆಲವೇ ದಿನಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನವೆಂಬರ್‌ನ ಉಪಚುನಾವಣೆಯಲ್ಲಿ ಅವರ ಮಗ ಆನಂದ ಕಾಂಗ್ರೆಸ್ಸಿನಿಂದ 39 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಆಗ ಕಾಂಗ್ರೆಸ್–ಜೆಡಿಎಸ್ ಸರ್ಕಾರವಿತ್ತು. 2019ರ ಡಿಸೆಂಬರ್‌ನಲ್ಲಿ, ಸರ್ಕಾರ ಬಿಜೆಪಿಯದಾದ ಮೇಲೆ, ಅಥಣಿ, ಕಾಗವಾಡ, ಗೋಕಾಕ ಮೂರನ್ನೂ ಬಿಜೆಪಿ ಗೆದ್ದಿತು. 2021ರ ಅಕ್ಟೋಬರ್‌ನಲ್ಲಿ ಸಿಂದಗಿಯಲ್ಲಿ ಬಿಜೆಪಿಯ ರಮೇಶ ಭೂಸನೂರ 31 ಸಾವಿರದಷ್ಟು ಅಂತರದಲ್ಲಿ ಗೆದ್ದರು. ಐದಕ್ಕೆ ಐದೂ ಆಗ ಅಧಿಕಾರದಲ್ಲಿದ್ದವರ ಪಾಲಾದವು.

ಇನ್ನು 2023. ಆನಂದ ನ್ಯಾಮಗೌಡ ಐದು ಸಾವಿರದೊಳಗಿನ ಅಂತರದಲ್ಲಿ ಸೋತರು. ಕುಮಠಳ್ಳಿಯವರ ಕಥೆ ಮೇಲೆಯೇ ಹೇಳಿದೆ. ಕಾಗವಾಡದಲ್ಲಿ ಶ್ರೀಮಂತ ಪಾಟೀಲರು ರಾಜು ಕಾಗೆಯವರ ಎದುರು ಸೋತರು. ಸಿಂದಗಿಯಲ್ಲಿ ಉಪಚುನಾವಣೆ ಸೋತಿದ್ದ ಅಶೋಕ ಮನಗೂಳಿಯವರು ಏಳು ಸಾವಿರ ಚಿಲ್ಲರೆ ಮತಗಳಿಂದ ಭೂಸನೂರರನ್ನು ಸೋಲಿಸಿದರು. ಉಪಚುನಾವಣೆ ಗೆದ್ದ ಐವರಲ್ಲಿ ಉಳಿದುಕೊಂಡವರು ಗೋಕಾಕದ ರಮೇಶ ಜಾರಕಿಹೊಳಿ ಒಬ್ಬರೇ. ಉಪಚುನಾವಣೆ ಬಂದಾಗ ಸಚಿವರ ದಂಡು ಕ್ಷೇತ್ರದಲ್ಲೇ ಬೀಡು ಬಿಡುತ್ತದೆ, ಓಣಿಗೊಬ್ಬ ಉಸ್ತುವಾರಿ ಇರುತ್ತಾನೆ, ರಸ್ತೆಗೆ ರಾತ್ರೋರಾತ್ರಿ ಖಡಿ ಬೀಳುತ್ತದೆ. 'ಸರ್ಕಾರ ಅವರದೇ ಇರುವಾಗ ಶಾಸಕನೂ ಅವರವನೇ ಇರಲಿ' ಎಂದು ಮತದಾರ ಯೋಚಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ, ಅದು ಜಾಣತನವೇ. ಆದರೆ ಆ ಅಂತರವನ್ನು ಅಭ್ಯರ್ಥಿಯ ಸ್ವಂತ ಆಸ್ತಿ ಎಂದು ತಿಳಿದು ಮುಂದಿನ ಚುನಾವಣೆಗೆ ಭವಿಷ್ಯ ನುಡಿಯುವವರನ್ನು ನಂಬಬೇಡಿ.

ಪಕ್ಷೇತರರ ಪ್ರಶ್ನೆಗೆ ಬರುತ್ತೇನೆ. ಪಕ್ಷೇತರರ ವಿಷಯದಲ್ಲಿ ನಮ್ಮ ಬೆಳಗಾವಿಗೆ ದೇಶದಲ್ಲೇ ಹೆಸರಿದೆ. 1985ರ ವಿಧಾನಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲೇ 301 ಅಭ್ಯರ್ಥಿಗಳಿದ್ದರು. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿಯಿಂದ 456. ಅಷ್ಟು ಹೆಸರುಗಳನ್ನು ಹೊತ್ತ ಮತಪತ್ರ ಯಾವ ಗಾತ್ರದ್ದಿರಬಹುದು ಎಂದು ಊಹಿಸಿ. ಅಷ್ಟು ಜನ ಗೆಲ್ಲುವ ಆಸೆಯಿಂದ ನಿಂತವರಲ್ಲ, ಚುನಾವಣಾ ವ್ಯವಸ್ಥೆಯ ಕತ್ತಿನ ಪಟ್ಟಿ ಹಿಡಿದು ತಮ್ಮ ಕಡೆ ತಿರುಗಿಸಿಕೊಳ್ಳಲು ನಿಂತವರು. 1996ರ ಆ ಚುನಾವಣೆಯ ಬೆನ್ನಿಗೇ ಸಂಸತ್ತು ಕಾನೂನು ತಿದ್ದಿತು. ವಿಧಾನಸಭೆಯ ಠೇವಣಿ 250 ರೂಪಾಯಿಯಿಂದ 5,000ಕ್ಕೆ ಏರಿತು. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ (ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರ) ಸಾಕು, ಉಳಿದವರಿಗೆ ಹತ್ತು ಮಂದಿ ಬೇಕು ಎಂಬ ನಿಯಮ ಬಂತು. ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ನಿಲ್ಲಬಾರದು ಎಂಬುದೂ ಅದೇ ತಿದ್ದುಪಡಿ. 2018ರಲ್ಲಿ ಸಿದ್ದರಾಮಯ್ಯನವರು ಚಾಮುಂಡೇಶ್ವರಿಯ ಜೊತೆಗೆ ಬಾದಾಮಿಯಲ್ಲಿಯೂ ನಿಂತದ್ದು ಆ ಎರಡರ ಮಿತಿಯೊಳಗೆ. ಚಾಮುಂಡೇಶ್ವರಿಯಲ್ಲಿ ಅವರು 36 ಸಾವಿರ ಮತಗಳಿಂದ ಸೋತರು, ಆದ್ದರಿಂದ ನಿಮ್ಮ ಊರಿನ 1,696 ಮತಗಳ ತೂಕ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಇಂದು ವಿಧಾನಸಭೆಯ ಠೇವಣಿ ಸಾಮಾನ್ಯರಿಗೆ 10,000, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000 ರೂಪಾಯಿ.

ಹತ್ತು ಸಾವಿರ ಹೋಗುವುದು ಖಚಿತವಿದ್ದರೂ ನಿಲ್ಲುವವರಲ್ಲಿ ನಾಲ್ಕೈದು ಬಗೆಯವರಿದ್ದಾರೆ. ಮುಂದಿನ ಜಿಲ್ಲಾ ಪಂಚಾಯಿತಿಗೋ ಪುರಸಭೆಗೋ ಹೆಸರು ಓಡಲಿ ಎನ್ನುವವರು. ಟಿಕೆಟ್ ತಪ್ಪಿದ ಸಿಟ್ಟಿನವರು. ಒಂದು ಬೇಡಿಕೆಯನ್ನು ಹಿಡಿದು ನಿಲ್ಲುವ ಪ್ರಾಮಾಣಿಕರು, ಇವರ ಸಂಖ್ಯೆ ನಾವು ತಿಳಿದಷ್ಟು ಕಡಿಮೆಯಿಲ್ಲ. ಕೊನೆಗೆ ಇನ್ನೊಬ್ಬರ ದುಡ್ಡಿನಿಂದ ನಿಲ್ಲುವವರು. ಈ ಕೊನೆಯವರ ಉಪಯೋಗ ಎರಡು. ಮೊದಲನೆಯದು ಹೆಸರಿನ ಗೊಂದಲ: ಪ್ರಬಲ ಅಭ್ಯರ್ಥಿಯ ಹೆಸರನ್ನೇ ಹೋಲುವ ಒಬ್ಬನನ್ನು ಹುಡುಕಿ ತಂದು ನಾಮಪತ್ರ ಹಾಕಿಸುವುದು. ಮತಯಂತ್ರದ ಮೇಲೆ ಅಭ್ಯರ್ಥಿಯ ಭಾವಚಿತ್ರ ಬಂದ ಮೇಲೆ ಈ ಆಟದ ಜೋರು ಇಳಿದಿದೆ, ಆದರೆ ನಿಂತಿಲ್ಲ. ಎರಡನೆಯದು ಏಜೆಂಟರು: ಪ್ರತಿ ಅಭ್ಯರ್ಥಿಗೂ ಮತಗಟ್ಟೆಯಲ್ಲಿ, ಎಣಿಕೆಯ ಮೇಜಿನ ಬಳಿ ತನ್ನ ಏಜೆಂಟರನ್ನು ಕೂರಿಸುವ ಹಕ್ಕಿದೆ, ಪ್ರಚಾರದ ವಾಹನಕ್ಕೆ ಅನುಮತಿ ಕೇಳುವ ಹಕ್ಕಿದೆ. ಹೆಸರಿಗೆ ಪಕ್ಷೇತರ, ಕೆಲಸಕ್ಕೆ ಇನ್ನೊಬ್ಬರ ಕೈಯಾಳು. ಒಬ್ಬ ಅಭ್ಯರ್ಥಿ ವಿಧಾನಸಭೆಗೆ ಮಾಡಬಹುದಾದ ಖರ್ಚಿನ ಮಿತಿ 40 ಲಕ್ಷ ರೂಪಾಯಿ ಇರುವಾಗ, ಪಕ್ಕದಲ್ಲಿ ಇನ್ನೊಂದು ಖಾತೆ ತೆರೆದಿದ್ದರೆ ಅನುಕೂಲವಾಗುವುದು ಯಾರಿಗೆಂದು ನೀವೇ ಊಹಿಸಿ.

ಆದ್ದರಿಂದ ನಾಮಪತ್ರ ಹಿಂತೆಗೆಯುವ ಕೊನೆಯ ದಿನವನ್ನು ನಾನು ಮತದಾನದ ದಿನದಷ್ಟೇ ಗಮನದಿಂದ ನೋಡುತ್ತೇನೆ. 2023ರಲ್ಲಿ ಅದು ಏಪ್ರಿಲ್ 24, ಮತದಾನ ಮೇ 10. ಆ ಸಂಜೆ ಮೂರು ಗಂಟೆಗೆ ತಾಲ್ಲೂಕು ಕಚೇರಿಯ ಮುಂದೆ ಯಾರು ಯಾರ ಕಾರಿನಲ್ಲಿ ಬಂದಿಳಿದರು ಎಂದು ನೋಡಿದವರಿಗೆ ಫಲಿತಾಂಶದ ಮುಕ್ಕಾಲು ಪಾಲು ಅಂದೇ ಗೊತ್ತಾಗಿರುತ್ತದೆ.

ನಿಮ್ಮ ಗೆಳೆಯರಿಗೆ ಒಂದು ಎಚ್ಚರಿಕೆ ಹೇಳಿಬಿಡಿ. ಗುಳೇದಗುಡ್ಡ 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮೊದಲು ಸ್ವತಂತ್ರ ಕ್ಷೇತ್ರವಾಗಿತ್ತು, ಈಗ ಪಟ್ಟಣ ಬಾದಾಮಿಯೊಳಗಿದೆ. ವಿಜಯಪುರದ ಕಡೆ ತಿಕೋಟಾ, ಬಳ್ಳೊಳ್ಳಿ, ಹೂವಿನಹಿಪ್ಪರಗಿ ಹೀಗೆಯೇ ಮರೆಯಾದವು. ತೇರದಾಳ, ಯಮಕನಮರಡಿ, ನಾಗಠಾಣ ಹೊಸದಾಗಿ ಹುಟ್ಟಿದವು. ಬೆಳಗಾವಿ ನಗರ ಉತ್ತರ, ದಕ್ಷಿಣ ಎಂದು ಇಬ್ಭಾಗವಾಯಿತು. ಹೀಗಿರುವಾಗ 1999ರ ಬಾದಾಮಿಯನ್ನು 2018ರ ಬಾದಾಮಿಗೆ ಹೋಲಿಸಿ 'ಇಲ್ಲಿ ಇಂಥ ಪಕ್ಷದ್ದೇ ನಡೆ' ಎಂದು ಹೇಳುವುದರಲ್ಲಿ ಹುರುಳಿಲ್ಲ. ಹೆಸರು ಅದೇ, ಹಳ್ಳಿಗಳು ಬೇರೆ.

ವಾದವನ್ನು ನಿಜವಾಗಿಯೂ ತೀರ್ಮಾನಿಸಿಕೊಳ್ಳುವ ಮನಸ್ಸಿದ್ದರೆ ನಮೂನೆ 20 ಎಂಬ ಕಡತ ನೋಡಿ. ಅದರಲ್ಲಿ ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತ ಬೇರೆ ಬೇರೆಯಾಗಿ ಇರುತ್ತದೆ, ಅಂಚೆ ಮತ ಕೊನೆಯಲ್ಲಿ ಪ್ರತ್ಯೇಕವಾಗಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಕ್ಷೇತ್ರವಾರು ಸಿಗುತ್ತದೆ. ಬಾದಾಮಿಯ ಸಂಖ್ಯೆ 23. ಗುಳೇದಗುಡ್ಡದ ಮತಗಟ್ಟೆಗಳ ಸಂಖ್ಯೆಗಳನ್ನು ಗುರುತು ಮಾಡಿಕೊಂಡು, ಜೆಡಿಎಸ್‌ಗೆ 2018ರಲ್ಲಿ ಹೆಚ್ಚು ಮತ ಬಿದ್ದ ಮತಗಟ್ಟೆಗಳು ಯಾವುವು, ಅದೇ ಮತಗಟ್ಟೆಗಳಲ್ಲಿ 2019ರ ಲೋಕಸಭೆಗೆ, ಬಾಗಲಕೋಟೆಯಿಂದ ಜೆಡಿಎಸ್ ಅಭ್ಯರ್ಥಿ ಇರದಿದ್ದಾಗ, ಮತ ಯಾವ ಕಡೆ ವಾಲಿತು ಎಂದು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಲೋಕಸಭೆಗೆ ಜನ ಬೇರೆ ಮನಸ್ಸಿನಿಂದ ಮತ ಹಾಕುತ್ತಾರೆ, ಮತಗಟ್ಟೆಯ ಸಂಖ್ಯೆಗಳೂ ಕೆಲವೊಮ್ಮೆ ಬದಲಾಗುತ್ತವೆ, ಆದ್ದರಿಂದ ಪೂರ್ತಿ ಉತ್ತರ ಸಿಗಲಾರದು. ನೂರರಲ್ಲಿ 54 ಎಂಬ ಗೆರೆಯ ಯಾವ ಮಗ್ಗುಲಲ್ಲಿ ಇರಬಹುದು ಎಂಬುದರ ಅಂದಾಜು ಮಾತ್ರ ಖಂಡಿತ ಸಿಗುತ್ತದೆ.

ಟಿವಿಯಲ್ಲಿ ಬರುವ ಸುತ್ತುಗಳ ಮುನ್ನಡೆಯನ್ನು ಈ ಕೆಲಸಕ್ಕೆ ಬಳಸಬೇಡಿ. ಎಣಿಕೆ ಕೊಠಡಿಯಲ್ಲಿ ಸಾಮಾನ್ಯವಾಗಿ 14 ಮೇಜುಗಳು, ಒಂದು ಸುತ್ತಿಗೆ 14 ಮತಗಟ್ಟೆ, ಅವು ಬರುವುದು ಮತಗಟ್ಟೆಗಳ ಸಂಖ್ಯೆಯ ಕ್ರಮದಲ್ಲಿ. ಮೊದಲ ಐದು ಸುತ್ತು ಮುಂದಿದ್ದವರು ನಂತರ ಹಿಂದೆ ಬಿದ್ದರೆ ಅಲ್ಲಿ ನಿಗೂಢವೇನೂ ಇಲ್ಲ, ಎಣಿಕೆ ಒಂದು ಹೋಬಳಿಯಿಂದ ಇನ್ನೊಂದು ಹೋಬಳಿಗೆ ದಾಟಿರುತ್ತದೆ.

ಅಂತರ ಇಷ್ಟು ಸಣ್ಣದಿದ್ದಾಗ ಸೋತವರು ಸುಮ್ಮನಿರಬೇಕಾಗಿಲ್ಲ ಎಂಬುದೂ ತಿಳಿದಿರಲಿ. ಒಟ್ಟು ಮತಗಳನ್ನು ಪ್ರಕಟಿಸಿದ ಮೇಲೆ, ಫಲಿತಾಂಶ ಘೋಷಿಸುವ ಮೊದಲು, ಅಭ್ಯರ್ಥಿ ಅಥವಾ ಅವರ ಏಜೆಂಟ್ ಕಾರಣ ಕೊಟ್ಟು ಲಿಖಿತವಾಗಿ ಮರುಎಣಿಕೆ ಕೇಳಬಹುದು. ಒಪ್ಪುವುದು ಬಿಡುವುದು ಚುನಾವಣಾಧಿಕಾರಿಯ ವಿವೇಚನೆ, ತಿರಸ್ಕರಿಸಿದರೆ ಕಾರಣ ಬರೆಯಬೇಕು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆಯ ನಂತರ 16 ಮತಗಳ ಅಂತರದಲ್ಲಿ ಫಲಿತಾಂಶ ತೀರ್ಮಾನವಾಯಿತು. ಘೋಷಣೆ ಆದ ಮೇಲೆ ಉಳಿಯುವ ದಾರಿ ಒಂದೇ, 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ. ಅದನ್ನು ಸೋತ ಅಭ್ಯರ್ಥಿಯೇ ಹಾಕಬೇಕೆಂದಿಲ್ಲ, ಆ ಕ್ಷೇತ್ರದ ಯಾವ ಮತದಾರನೂ ಹಾಕಬಹುದು.